ವಿಲಾಯತಿ ಸೀತವ್ವ ಮತ್ತು ಒತ್ತೆಗೆ ಬಂದ ನಾಯಿ

ದಡ್ಡಿಯಿಂದ ಗೋಕಾಕ ಫಾಲ್ಸಿನ ಗಿರಣಿಗೆ ಕೆಲಸಕ್ಕೆಂದು ಬಂದಾಗ ನನ್ನ ಹೆಗಲ ಮೇಲೆ ಒಂದು ಕಂಬಳಿ, ತಲೆಯ ಮೇಲೆ ಒಂದು ತಗಡಿನ ಟ್ರಂಕು, ತಲೆಯ ಒಳಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಜಂಬ ಇತ್ತು. ನಮ್ಮ ಮನೆತನದಲ್ಲಿ ಎಲ್ಲರೂ ಕುರಿ ಕಾದವರೇ. ಕುರಿಯ ಹಿಂದೆ ನಡೆಯುವುದನ್ನು ಬಿಟ್ಟು ಕುರ್ಚಿಯ ಮೇಲೆ ಕೂಡಲು ಹೊರಟವನು ನಾನೇ ಮೊದಲಿಗ. ಸಿಕ್ಕದ್ದು ಹಾಜರಿ ಕಾರಕೂನನ ಕೆಲಸ. ಗಿರಣಿಯ ಭೋಂಗಾ ಕೂಗಿದ ಮೇಲೆ ಗೇಟಿನಲ್ಲಿ ಕುಳಿತು, ಒಳಗೆ ಬರುವ ಕೂಲಿಯವರ ತಲೆ ಎಣಿಸಬೇಕು. ನಮ್ಮಪ್ಪ ದಿನಾ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಮಾಡುತ್ತಿದ್ದದ್ದೂ ಇದನ್ನೇ ಎಂಬುದು ನನಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ಅವನಿಗೆ ಪಗಾರ ಇರಲಿಲ್ಲ, ಅಷ್ಟೇ.

ದಡ್ಡಿಯವನಿಗೆ ಗೋಕಾಕವೇ ಮುಂಬೈ. ಮೊದಲ ಬೆಳಿಗ್ಗೆ ಭೋಂಗಾ ಕೂಗಿದಾಗ ನಾನು ಕಂಬಳಿ ಸಮೇತ ಹೊರಗೆ ಓಡಿಬಂದು, ಯಾರ ಮನೆಗೆ ಬೆಂಕಿ ಬಿತ್ತು ಎಂದು ಕೇಳಿದ್ದೆ. ಹೊಳೆಯ ಮೇಲಿನ ತೂಗು ಸೇತುವೆಯನ್ನು ಜನ ಹರಟೆ ಹೊಡೆಯುತ್ತ ದಾಟುತ್ತಿದ್ದರೆ, ನಾನು ಎರಡೂ ಬದಿಯ ತಂತಿ ಹಿಡಿದು, ಕಣ್ಣು ಮುಚ್ಚಿ, ಬೀರದೇವರನ್ನು ಕರೆಯುತ್ತ ದಾಟಿದೆ. ಹಿಂದಿನಿಂದ ಹೆಣ್ಣುಮಕ್ಕಳು, "ಕಾರಕೂನ ಸಾಹೇಬ್ರ, ಲಗೂನ ನಡೀರಿ, ಪಾಳಿ ಮುಗಿಯೂದ್ರಾಗ ಆ ಕಡಿ ಮುಟ್ಟೂಣು" ಎಂದು ನಗುತ್ತಿದ್ದರು.

ಊಟಕ್ಕೆ ಎಲ್ಲಿಗೆ ಹೋಗಲಿ ಎಂದು ಕೇಳಿದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು: ವಿಲಾಯತಿ ಸೀತವ್ವನ ಖಾನಾವಳಿ. ಕೂಲಿಯವರು ಇರುವ ಚಾಳಿನ ಹಿಂದೆ ತಗಡು ಹೊದಿಸಿದ ಎರಡು ಖೋಲಿ. ಒಲೆಯ ಮುಂದೆ ಐವತ್ತರ ಆಸುಪಾಸಿನ, ಎತ್ತರದ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಂಬಳಿ ನೋಡಿದೊಡನೆ ಅವಳಿಗೆ ನನ್ನ ಕುಲ ತಿಳಿಯಿತು.

"ಯಾವೂರು ತಮ್ಮಾ?"

"ದಡ್ಡಿ ರಿ, ಆಯಿ. ಬೀರಸಿದ್ದಪ್ಪ ಅಂತ ನನ್ನ ಹೆಸರ."

"ಕೂಡು ಬೀರ್ಯಾ. ಹೊಸಾ ಊರಿಗೆ ಬಂದಾಗ ಮೊದಲ ಏನ ಹುಡುಕಬೇಕಂತ ಗೊತ್ತೈತೇನ?"

"ಊಟ ರಿ."

"ಊಟ ಅಲ್ಲೋ ಹುಚ್ಚಪ್ಯಾಲಿ! ನೀರ ಎಲ್ಲಿ ಬರ್ತೈತಿ, ತಂಬಿಗಿ ತಗೊಂಡ ಎಲ್ಲಿ ಹೋಗಬೇಕು, ಇವೆರಡು ಮೊದಲ. ನಾ ಮಾರ್ಸೇಲ್ಸಿನ್ಯಾಗ ಇಳದಾಗ ಇದನ್ನ ಕೇಳಾಕ ನಾಚಿಕಿ ಮಾಡಿಕೊಂಡು, ಆ ದಿನ ನನ್ನ ಜೀವಕ್ಕ ಬಂದಿತ್ತು."

ಮಾರ್ಸೇಲ್ಸ್ ಎಂದರೆ ಅಥಣಿಯ ಆಚೆಗಿನ ಹಳ್ಳಿ ಇರಬೇಕು ಎಂದುಕೊಂಡು ನಾನು, "ಆ ಕಡಿ ಬರಗಾಲ ಬಾಳ ಏನ್ರಿ?" ಎಂದೆ. ಊಟಕ್ಕೆ ಕುಳಿತವರೆಲ್ಲ ತುತ್ತು ಕೈಯಲ್ಲೇ ಹಿಡಿದು ನಕ್ಕರು. ಆ ಹೊತ್ತಿನಿಂದ ನಾನು ಆ ಖಾನಾವಳಿಯ ಮನೆಮಗನಾದೆ. ನಗಲು ಒಬ್ಬ ಬೇಕಾಗಿತ್ತು, ಸಿಕ್ಕ.

ಸೀತವ್ವ ಹುಟ್ಟಿದ್ದು ಮೂಡಲಗಿ ಕಡೆಯ ಕುರುಬರ ಮನೆಯಲ್ಲಿ. ಗಂಡ ಪ್ಲೇಗಿನಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕವಳು. ಬೆಳಗಾವಿಯ ಕ್ಯಾಂಪಿಗೆ ಹೋಗಿ ಒಬ್ಬ ಫೌಜಿನ ಸಾಹೇಬನ ಮನೆಯಲ್ಲಿ ಕೂಸು ಆಡಿಸುವ ದಾದಿಯಾದಳು. ಸಾಹೇಬನ ಕುಟುಂಬ ವಿಲಾಯತಿಗೆ ಹೊರಟಾಗ ಕೂಸಿನ ಜೊತೆ ಇವಳೂ ಹಡಗು ಹತ್ತಿದಳು. ಹೀಗೆ ಬೇರೆ ಬೇರೆ ಸಾಹೇಬರ ಜೊತೆ ಮೂರು ಸಲ ಹೋಗಿಬಂದು, ಜರ್ಮನ್ ಲಡಾಯಿ ಶುರುವಾದ ಮೇಲೆ ಸಮುದ್ರದ ಸಹವಾಸ ಸಾಕೆಂದು ಇಲ್ಲಿ ಒಲೆ ಹೂಡಿದಳು. ನಾನು ಬಂದದ್ದು ಆ ಲಡಾಯಿ ಮುಗಿದು ಹತ್ತು ಹನ್ನೆರಡು ವರ್ಷಕ್ಕೆ. ಆದರೂ ಅವಳ ಹಡಗು ದಿನಾ ಮಧ್ಯಾಹ್ನ ರೊಟ್ಟಿಯ ಜೊತೆ ಮುಂಬೈ ಬಿಡುತ್ತಿತ್ತು.

"ಹಡಗಿನ್ಯಾಗ ಹೊಟ್ಟಿ ತೊಳಸಿದರ ಕೆಳಗ ನೋಡಬ್ಯಾಡ್ರಿ, ದೂರ ಮುಗಲು ನೀರು ಕೂಡೂ ಗೆರಿ ನೋಡ್ರಿ" ಎಂದು ಅವಳು ಹೇಳುವುದು ಯಾರಿಗೆ? ಘಟಪ್ರಭೆಯನ್ನು ಬಿಟ್ಟರೆ ಬೇರೆ ನೀರು ನೋಡದ ನಮಗೆ. "ಪೋರ್ಟ್ ಸೈಯದಿನ್ಯಾಗ ದೋಣಿಯವರು ಬುಟ್ಟಿ ಮ್ಯಾಲ ಕಳಿಸತಾರ. ಮೊದಲ ಸಾಮಾನ ಬರಲಿ, ಆಮ್ಯಾಲ ರೊಕ್ಕ ಬುಟ್ಟ್ಯಾಗ ಹಾಕ್ರಿ." "ವಿಲಾಯತಿ ಥಂಡಿಗೆ ಕುಬಸದ ಒಳಗ ವರ್ತಮಾನ ಪತ್ರಿಕಿ ಇಟ್ಟುಕೊಳ್ರಿ, ಎರಡು ಕಂಬಳಿ ಆದಂಗ." ನೂಲಿನ ಖಾತೆಯ ಅಲ್ಲಪ್ಪ ಒಮ್ಮೆ ಅರಳುಗಣ್ಣಿನಿಂದ, "ಆಯಿ, ಕುಬಸ ಯಾವ ಅಂಗಡ್ಯಾಗ ಹೊಲಸ್ಲಿ?" ಎಂದು ಕೇಳಿ ಸೌಟಿನ ಪೆಟ್ಟು ತಿಂದ.

ಉಳಿದವರು ನಕ್ಕು ಬಿಡುತ್ತಿದ್ದರು. ನಾನು ಓದಿದವನಲ್ಲವೆ, ಆ ಬುದ್ಧಿಮಾತುಗಳನ್ನು ಗೋಕಾಕದಲ್ಲಿ ಜಾರಿಗೆ ತಂದೆ. ಲಂಡನ್ನಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು, ಅದಕ್ಕೆ ಗುರುತಿಗೆಂದು ತಾನು ಬಾಗಿಲಿಗೆ ಕಂಬಳಿಯ ಒಂದು ಎಳೆ ಕಟ್ಟುತ್ತಿದ್ದೆ ಎಂದು ಅವಳು ಹೇಳಿದ್ದಳು. ನಮ್ಮ ಚಾಳೂ ಒಂದೇ ಅಚ್ಚಿನದು. ನಾನು ಒಮ್ಮೆ ಬೇರೆಯವರ ಖೋಲಿಗೆ ನುಗ್ಗಿ ಅವರ ಹಾಸಿಗೆಯ ಮೇಲೆ ಕುಳಿತವನು. ಕಂಬಳಿಯಿಂದ ಒಂದು ಎಳೆ ಕಿತ್ತು ಅರಿಷಿಣದಲ್ಲಿ ಅದ್ದಿ, ಚೆನ್ನಾಗಿ ಕಾಣಲೆಂದು ಚಿಲಕಕ್ಕೆ ಕಟ್ಟಿದೆ. ಕುರುಬರ ಹುಡುಗ ಬಾಗಿಲಿಗೆ ಉಣ್ಣೆಯ ಕಂಕಣ ಕಟ್ಟಿದ್ದಾನೆ ಎಂದರೆ ಒಳಗೆ ಬೀರದೇವರನ್ನು ಕೂರಿಸಿದ್ದಾನೆ ಎಂದೇ ಅರ್ಥ. ಪಾಳಿ ಮುಗಿಸಿ ಬಂದಾಗ ಬಾಜೂ ಖೋಲಿಯ ಕಾಶೆವ್ವ ನನ್ನ ಚಿಲಕಕ್ಕೆ ಭಂಡಾರ ಬಳಿದು, ಎದುರಿಗೆ ಕಾಯಿ ಒಡೆದಿದ್ದಳು. ಇನ್ನಿಬ್ಬರು ಹೆಂಗಸರು ಮಕ್ಕಳನ್ನು ಹೊಸ್ತಿಲ ಮೇಲೆ ಮಲಗಿಸಿದ್ದರು. ನನ್ನ ಖೋಲಿಗೆ ನಾನೇ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋಗಬೇಕಾಯಿತು. ಅಮಾವಾಸ್ಯೆ ಬರುವವರೆಗೆ ಎಳೆ ಬಿಚ್ಚಲು ಧೈರ್ಯವಾಗಲಿಲ್ಲ.

ಇಷ್ಟು ಹೇಳುವ ಸೀತವ್ವ ತನ್ನ ಮೊದಲ ಪ್ರವಾಸದ ಒಂದು ಮಾತನ್ನು ಮಾತ್ರ ಎಲ್ಲರೆದುರು ಹೇಳುತ್ತಿರಲಿಲ್ಲ. ಅದು ಹೊರಬಿದ್ದದ್ದು ರಾಮವ್ವನ ಸಲುವಾಗಿ.

ರಾಮವ್ವ ಅವಳ ತಂಗಿಯ ಮಗಳು. ಕಣಗಲಾಕ್ಕೆ ಕೊಟ್ಟಿದ್ದರು, ಗಂಡ ಸತ್ತ ಮೇಲೆ ದೊಡ್ಡವ್ವನ ಬಳಿ ಬಂದು ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಗಂಡನ ಅಣ್ಣ ಲಗಮಪ್ಪ ತಿಂಗಳಿಗೊಮ್ಮೆ ಕಣಗಲಾದಿಂದ ಬಂದು, "ಮನಿ ಮರ್ಯಾದಿ ಏನಾತು? ನಡಿ, ಕುರಿ ಹಿಕ್ಕಿ ಬಳಿಯಾಕ ಮನ್ಯಾಗ ಯಾರೂ ಇಲ್ಲ" ಎಂದು ಕರೆಯುತ್ತಿದ್ದ. ಮರ್ಯಾದೆ ಮತ್ತು ಹಿಕ್ಕಿ ಅವನ ಬಾಯಲ್ಲಿ ಯಾವಾಗಲೂ ಒಟ್ಟಿಗೇ ಬರುತ್ತಿದ್ದವು. ಆ ವರ್ಷ ಗಿರಣಿಯ ಇಂಜಿನಿಯರ್ ಕ್ರೇಗ್ ಸಾಹೇಬ ಹೆಂಡತಿ ಮಕ್ಕಳೊಡನೆ ರಜೆಯ ಮೇಲೆ ಸ್ಕಾಟ್ಲಂಡಿಗೆ ಹೊರಟ. ಎರಡು ಕೂಸುಗಳನ್ನು ಹಡಗಿನಲ್ಲಿ ನೋಡಿಕೊಳ್ಳಲು ಮೇಮ್‌ಸಾಹೇಬರು ದಾದಿಯನ್ನು ಹುಡುಕುತ್ತ ಸೀತವ್ವನಿಗೆ ಹೇಳಿಕಳಿಸಿದರು. ಸೀತವ್ವ ಬಾಯಿ ತೆರೆಯುವ ಮೊದಲೇ ರಾಮವ್ವ, "ನಾ ಹೊಕ್ಕೇನಿ, ದೊಡ್ಡವ್ವಾ" ಎಂದಳು.

"ಮೂರು ಸಲ ಹೋಗಿ ಬಂದಾಕಿ ನೀನು. ನಾ ಒಮ್ಮೆ ಹೋಗಬಾರದೇನ?"

ಸೀತವ್ವ ಹಂಚಿನ ಮೇಲೆ ಸೀದ ರೊಟ್ಟಿಯನ್ನು ಎತ್ತಿ ಬದಿಗಿಟ್ಟಳು. ಆಮೇಲೆ ಹೇಳಿದಳು.

"ಮೊದಲನೇ ಸಲ ಲಂಡನ್ ಮುಟ್ಟಿದ ಮ್ಯಾಲ, ಕೂಸಿಗೆ ಅಲ್ಲೇ ಒಬ್ಬಾಕಿ ಸಿಕ್ಕಳು, ಇನ್ನ ನೀ ಹೋಗಬಹುದು ಅಂದ್ರು. ಎಲ್ಲಿಗೆ ಹೋಗ್ಲಿ? ತಿರುಗಿ ಬರೂ ತಿಕೀಟ ಯಾರಪ್ಪಂದು? ನನ್ನಂಥಾವರು ಒಂದು ಮನಿ ತುಂಬ ಇದ್ದರು, ಮದ್ರಾಸದವರು, ಕಲಕತ್ತಾದವರು. ಯಾರಾರ ಹಿಂದೂಸ್ತಾನಕ್ಕ ಹೊಂಟರ ಅವರ ಕೂಸ ಎತ್ತಿಕೊಂಡು ಬರಬೇಕು, ಅಲ್ಲೀತನಕ ಕಿಡಕ್ಯಾಗ ಕೂಡಬೇಕು. ಒಂದು ಥಂಡಿಗಾಲ ಪೂರ್ತಿ ಕುಂತೆ. ಕುಬಸದಾಗ ಪೇಪರ್ ಇಟ್ಟುಕೊಳ್ಳೂದು ಅಲ್ಲೇ ಕಲತದ್ದು, ಮತ್ತೇನು ಚೈನಿಗೆ ಕಲತೆನೇನು?"

ನಾವು ಯಾರೂ ನಗಲಿಲ್ಲ. ಅಲ್ಲಪ್ಪ ಕೂಡ.

"ನೀ ಹೋಗು," ಎಂದಳು ರಾಮವ್ವನಿಗೆ. "ಆದರ ತಿರುಗಿ ಬರೂ ಜವಾಬ್ದಾರಿ ಅವರು ಹೊರಬೇಕು. ಇಲ್ಲಾಂದ್ರ ನಿನ್ನ ಹೊಸ್ತಲಾ ದಾಟಾಕ ಬಿಡಾಂಗಿಲ್ಲ."

ರವಿವಾರ ನಾವು ಮೂವರೂ ದಿಬ್ಬದ ಮೇಲಿನ ಬಂಗಲೆಗೆ ಹೋದೆವು. ನನ್ನನ್ನು ಕರೆದೊಯ್ದದ್ದು ಇಂಗ್ಲಿಷಿಗಾಗಿ. ಹುಕ್ಕೇರಿಯಲ್ಲಿ ಕಲಿತ ನನ್ನ ಇಂಗ್ಲಿಷು ಕಾಗದದ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಸಾಹೇಬರನ್ನು ಕಂಡರೆ ಕಟ್ಟೆಯ ಮೇಲಿನ ಎಮ್ಮೆಯಂತೆ ಕೂತುಬಿಡುತ್ತಿತ್ತು. ಮೂರು ಸಲ ಕೆಮ್ಮಿ, ತಿರುಗಿ ಬರುವ ತಿಕೀಟು ಮೊದಲೇ ಕೈಗೆ ಬೇಕು ಎಂಬುದನ್ನು ಹೇಗೋ ಹೇಳಿದೆ. ಮೇಮ್‌ಸಾಹೇಬರ ಮುಖ ಕೆಂಪಾಯಿತು. ತಾನೇನು ಬಡ ಹೆಂಗಸನ್ನು ಬೀದಿಯಲ್ಲಿ ಬಿಟ್ಟುಬರುವವಳೇ, ತನ್ನ ಮಾತು ಸಾಲದೇ ಎಂದರು. ಸಾಹೇಬ, ತಿರುಗಿ ಬರುವ ದಿನವೇ ಗೊತ್ತಿಲ್ಲದೆ ಈಗಲೇ ತಿಕೀಟು ತೆಗೆಸಲಾಗದು ಎಂದ.

"ಅವರ ಮಾತು ಖರೆ ಇರಬೇಕು," ಎಂದಳು ಸೀತವ್ವ. "ಆ ಮೊದಲಿನ ಸಾಹೇಬನ ಮಾತೂ ಖರೆನ ಇತ್ತು, ಹಡಗು ದಂಡಿಗೆ ಹತ್ತೂ ತನಕ. ಹೇಳು ಬೀರ್ಯಾ."

ನಾನು ಹೇಳಲಿಲ್ಲ. ನನಗೆ ನೌಕರಿ ಬೇಕಾಗಿತ್ತು.

ಅಷ್ಟರಲ್ಲಿ ಸೀತವ್ವನ ಕಣ್ಣು ಮೇಮ್‌ಸಾಹೇಬರ ಕಾಲ ಬಳಿ ಮಲಗಿದ್ದ ನಾಯಿಯ ಮೇಲೆ ಬಿತ್ತು. ಉದ್ದ ಮೂತಿ, ಉದ್ದ ಕೂದಲು. ಸ್ಕಾಟ್ಲಂಡಿನಲ್ಲಿ ಕುರಿ ಕಾಯುವ ಜಾತಿ. ರಸ್ಟಿ ಎಂದು ಹೆಸರು. ಇದನ್ನೂ ಒಯ್ಯುತ್ತೀರಾ ಎಂದು ನನ್ನ ಬಾಯಿಂದ ಕೇಳಿಸಿದಳು. ಕೇಳಿದ್ದೇ ತಡ, ಮೇಮ್‌ಸಾಹೇಬರ ಸಿಟ್ಟೆಲ್ಲ ಇಳಿದು ಕಣ್ಣು ತುಂಬಿತು. ಹೊರಗಿನಿಂದ ಬಂದ ನಾಯಿಯನ್ನು ಅಲ್ಲಿ ಆರು ತಿಂಗಳು ಕೂಡಿಹಾಕುತ್ತಾರಂತೆ. ರಜೆಯೆಲ್ಲ ಅದರಲ್ಲೇ ಮುಗಿಯುತ್ತದೆ. ಯಾರ ಬಳಿ ಬಿಡಲಿ ಎಂದು ಅವರಿಗೆ ನಿದ್ದೆಯೇ ಇರಲಿಲ್ಲ.

ಇಲ್ಲಿ ನಮ್ಮ ಪದ್ಧತಿಯ ಮಾತೊಂದು ಹೇಳಬೇಕು. ದೀಪಾವಳಿಯಾಗಿ ಹಿಂಡು ಮೂಡಣಕ್ಕೆ ಹೊರಟಾಗ, ಕೈ ಸಾಲದಿದ್ದರೆ ಇನ್ನೊಂದು ಮನೆಯ ಆಳನ್ನು ಕರೆದೊಯ್ಯುವುದುಂಟು. ಆಗ ಕರೆದೊಯ್ಯುವವರು ತಮ್ಮ ಹಿಂಡಿನ ಒಳ್ಳೆಯ ಟಗರೊಂದನ್ನು ಆ ಮನೆಯ ಅಂಗಳದಲ್ಲಿ ಕಟ್ಟಿ ಹೋಗಬೇಕು. ಅದಕ್ಕೆ ಒತ್ತೆ ಟಗರು ಎನ್ನುತ್ತೇವೆ. ಆಳು ತಿರುಗಿ ಮನೆ ಸೇರಿದ ದಿನ ಟಗರಿಗೂ ಬಿಡುಗಡೆ. ಕಾಗದವಿಲ್ಲ, ಸಾಕ್ಷಿಯಿಲ್ಲ.

"ಸಾಹೇಬರ ಹತ್ರ ಟಗರಿಲ್ಲ," ಎಂದಳು ಸೀತವ್ವ. "ನಾಯಿ ಐತಿ."

ಇದನ್ನು ಇಂಗ್ಲಿಷಿಗೆ ತರಲು ನಾನು ಒದ್ದಾಡುತ್ತಿರುವಾಗಲೇ ಅವಳು ನನ್ನನ್ನು ಬದಿಗೆ ಸರಿಸಿ, ಮೂರು ಹಡಗುಗಳಲ್ಲಿ ಕಲಿತ ತನ್ನದೇ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದಳು. ಕೈಯಿಂದ ರಾಮವ್ವನನ್ನು ತೋರಿಸಿ ಆ ಕಡೆಗೆ, ನಾಯಿಯನ್ನು ತೋರಿಸಿ ಈ ಕಡೆಗೆ. ಆಮೇಲೆ ಅದಲು ಬದಲು. ಕ್ರೇಗ್ ಸಾಹೇಬ ಗಹಗಹಿಸಿ ನಕ್ಕ. ಮೇಮ್‌ಸಾಹೇಬರು ನಗಲಿಲ್ಲ. ಸೀತವ್ವನನ್ನು ಒಂದು ಗಳಿಗೆ ನೋಡಿ, ನಾಯಿಯ ಹಗ್ಗ ತಂದು ಅವಳ ಕೈಗೆ ಕೊಟ್ಟರು. ಕೂದಲು ದಿನಾ ಬಾಚಬೇಕು, ಬಿಸ್ಕೀಟು ಮಾತ್ರ ಹಾಕಬೇಕು, ರೊಟ್ಟಿ ಕೂಡದು ಎಂದರು. ಸೀತವ್ವ ಎಲ್ಲಕ್ಕೂ "ಯಸ್ ಮೇಮ್" ಎಂದಳು. ಬಂಗಲೆಯ ಗೇಟು ದಾಟಿದೊಡನೆ, "ರೊಟ್ಟಿ ಕೂಡದಂತ! ಇದೇನು ಪಾಪ ಮಾಡೈತಿ?" ಎಂದು ಹಗ್ಗವನ್ನು ನನ್ನ ಕೈಗೆ ದಾಟಿಸಿದಳು.

ರಾಮವ್ವ ಹೊರಡುವ ಮುಂಚಿನ ದಿನಗಳಲ್ಲಿ ಖಾನಾವಳಿ ಸಾಲೆಯಂತಾಯಿತು. ಬುಟ್ಟಿ ಮೇಲೆ ಬಂದರೆ ಏನು, ಕೂಸಿಗೆ ವಾಂತಿಯಾದರೆ ಏನು, ಥ್ಯಾಂಕ್ಯೂ ಎಷ್ಟು ಸಲ ಎನ್ನಬೇಕು — "ಲೆಕ್ಕ ಇಲ್ಲ, ಉಪ್ಪಿನಂಗ ಎಲ್ಲಾದಕ್ಕೂ ಉದರಸು." ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಳು. ಹಡಗಿನ ಬ್ರೆಡ್ಡಿಗೆ ಅದೊಂದೇ ಔಷಧ.

ಅವಳು ಹೋದಳು; ನಾಯಿ ಉಳಿಯಿತು; ನಾಯಿಯ ಜೊತೆ ನಾನು. ಬೆಳಿಗ್ಗೆ ಪಾಳಿಗೆ ಮುಂಚೆ, ಸಂಜೆ ಪಾಳಿಯ ನಂತರ ರಸ್ಟ್ಯಾನನ್ನು ಹೊಳೆಯ ದಂಡೆಗೆ ಒಯ್ಯುವ ಕೆಲಸ ನನಗೆ ಬಿತ್ತು. ನೋಡಲು ಬಂದ ನಮ್ಮಪ್ಪ ಹಗ್ಗ ಹಿಡಿದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೂರು ಕುರಿ ಬಿಟ್ಟು ಒಂದು ನಾಯಿ ಕಾಯಾಕ ಮುಲ್ಕಿ ಪಾಸಾದ್ಯೇನಲೇ?" ಎಂದ. ಅದೇ ಹೊತ್ತಿಗೆ ಚಾಳಿನ ಆಡುಗಳು ಚದುರಿ ಖಾನಾವಳಿಯ ಕಡೆ ನುಗ್ಗಿದವು. ರಸ್ಟ್ಯಾ ಹಗ್ಗ ಕಿತ್ತುಕೊಂಡು ಓಡಿ, ನೆಲಕ್ಕೆ ಹೊಟ್ಟೆ ತಾಗಿಸಿ ಸುತ್ತುವರಿದು, ಒಂದನ್ನೂ ಕಚ್ಚದೆ ಎಲ್ಲವನ್ನೂ ಗೋಡೆಯ ಮೂಲೆಗೆ ತಂದು ನಿಲ್ಲಿಸಿತು. ಅಪ್ಪನ ಬಾಯಿ ತೆರೆದೇ ಉಳಿಯಿತು. "ನನಗ ಇಂಥಾದೊಂದು ಮಗ ಹುಟ್ಟಿದ್ದರ!" ಎಂದ. ಹುಟ್ಟಿದ ಮಗ ಪಕ್ಕದಲ್ಲೇ ನಿಂತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಸುದ್ದಿ ಬಂತು: ಕ್ರೇಗ್ ಸಾಹೇಬರಿಗೆ ಊರಲ್ಲೇ ಕೆಲಸ ಸಿಕ್ಕಿದೆ, ಅವರಿನ್ನು ಬರುವುದಿಲ್ಲ. ಬಂಗಲೆಯ ಕುರ್ಚಿ ಮೇಜು ಲಿಲಾವಿನಲ್ಲಿ ಮಾರಾಟವಾದವು. ಈ ಸುದ್ದಿಯನ್ನು ಖಾನಾವಳಿಗೆ ಮುಟ್ಟಿಸುವುದು ಹೇಗೆ ಎಂದು ನಾನು ತೂಗು ಸೇತುವೆಯ ಮೇಲೆ ಎರಡು ಸಲ ಅತ್ತಿಂದಿತ್ತ ನಡೆದೆ. ತಂತಿ ಹಿಡಿಯುವುದನ್ನು ಮರೆತದ್ದು ಕೂಡ ಗೊತ್ತಾಗಲಿಲ್ಲ. ನಾನು ಮುಟ್ಟುವ ಮೊದಲೇ ಸುದ್ದಿ ಅಲ್ಲಿತ್ತು. ಲಗಮಪ್ಪನೂ ಇದ್ದ.

"ಹೇಳಿರಲಿಲ್ಲೇನ ನಾ? ಹ್ವಾದಳು. ಇನ್ನ ನಾಯಿ ಕಾಯ್ಕೋತ ಕೂಡು ಸೀತವ್ವ. ಬಾಳ ಶಾಣ್ಯಾಕಿ ನೀನು! ಕುರುಬರಿಗೆ ಒತ್ತಿ ಗೊತ್ತು, ಸಾಹೇಬರಿಗೆ ಏನ ಗೊತ್ತು?"

ಅಂದಿನಿಂದ ಸೀತವ್ವನ ಹಡಗು ಮುಂಬೈ ಬಿಡುವುದು ನಿಂತಿತು. ರೊಟ್ಟಿ ದಪ್ಪವಾದವು, ಪಲ್ಯಕ್ಕೆ ಉಪ್ಪು ಒಮ್ಮೆ ಎರಡು ಸಲ, ಒಮ್ಮೆ ಇಲ್ಲವೇ ಇಲ್ಲ. ಯಾರೂ ದೂರಲಿಲ್ಲ. ನೀರಿನ ಹಂಡೆಯ ಕೆಳಗೆ ಮಲಗಿದ ನಾಯಿಯನ್ನು ಅವಳು ಬೈಯುವಳು, ಬೈದು ತನ್ನ ತಾಟಿನ ರೊಟ್ಟಿಯನ್ನೇ ಮುರಿದು ಹಾಕುವಳು. ಒಂದು ಮಧ್ಯಾಹ್ನ ಎಲ್ಲರೂ ಎದ್ದುಹೋದ ಮೇಲೆ, "ಬೀರ್ಯಾ, ಅಕಿಗೆ ಎಲ್ಲಾ ಹೇಳಿಕೊಟ್ಟೆ. ಏನರ ಬಿಟ್ಟಿದ್ನೇನ?" ಎಂದು ಕೇಳಿದಳು. ನಾನು, "ಇಲ್ಲ ಆಯಿ, ಎಲ್ಲಾ ಹೇಳೀರಿ" ಎಂದೆ. ನನಗೇನು ಗೊತ್ತು? ನಾನು ಬೆಳಗಾವಿ ದಾಟಿದವನಲ್ಲ.

ರಾಮವ್ವ ಬಂದದ್ದು ದಸರೆಯ ಮರುವಾರ, ಸರಿಯಾಗಿ ಊಟದ ಹೊತ್ತಿಗೆ. ಗೋಕಾಕ್ ರೋಡ್ ಸ್ಟೇಷನ್ನಿನಿಂದ ಬಂದ ಚಕ್ಕಡಿಯಿಂದ, ಸೀರೆಯ ಮೇಲೆ ಮೊಣಕಾಲವರೆಗಿನ ಕರೀ ಕೋಟು ತೊಟ್ಟು ಬೆವರುತ್ತ ಇಳಿದಳು. ನಮಗಿಂತ ಮೊದಲು ಗುರುತು ಹಿಡಿದದ್ದು ನಾಯಿ. ಸೀತವ್ವ ಹಿಟ್ಟಿನ ಕೈಯಲ್ಲೇ ಬಂದು ಅವಳ ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದಳು, ಸಂತೆಯಲ್ಲಿ ಕುರಿ ನೋಡುವ ಹಾಗೆ. ಕೋಟಿನ ಮೇಲೆಲ್ಲ ಹಿಟ್ಟಿನ ಬೆರಳು.

"ಯಾರ ಜೋಡಿ ಬಂದಿ?"

"ಒಬ್ಬಾಕೇ ಬಂದೆ, ದೊಡ್ಡವ್ವಾ. ನನ್ನ ಹೆಸರಿನ ತಿಕೀಟ. ಸಾಹೇಬ ಅಂದ, ಯಾರರ ಹಿಂದೂಸ್ತಾನಕ್ಕ ಹೊಂಟರ ಅವರ ಬೆನ್ನ ಹಚ್ಚಿ ಕಳಸೂಣು, ಅಲ್ಲೀಮಟ ಇರಲಿ ಅಂತ. ಮೇಮಸಾಬ್ ಒಪ್ಪಲಿಲ್ಲ. ನನ್ನ ನಾಯಿ ಅಕಿ ಅಂಗಳದಾಗ ಐತಿ, ಇಕಿ ಮನಿ ಮುಟ್ಟಬೇಕು ಅಂದಳು. ಗಂಡಾ ಹೆಂಡ್ತಿ ಎರಡು ದಿನ ಮಾತಾಡಲಿಲ್ಲ."

ಆಮೇಲೆ ತಂದ ಮಾತು ಹೇಳಿದಳು. ಮೇಮ್‌ಸಾಹೇಬರ ಗೆಳತಿಯೊಬ್ಬಳು ಬರುವ ತಿಂಗಳು ಮುಂಬೈಯಿಂದ ಹಡಗು ಹತ್ತುತ್ತಾಳೆ. ರಸ್ಟಿಯನ್ನು ಅವಳಿಗೆ ಒಪ್ಪಿಸಬೇಕು. ಆರು ತಿಂಗಳು ಕೂಡಿಹಾಕಿದರೂ ಸರಿ, ಆಮೇಲೆ ಮನೆಗೆ ಬರುತ್ತದಲ್ಲ ಎಂದಿದ್ದಾರಂತೆ.

ಎಂಟು ತಿಂಗಳು ಸೀತವ್ವನ ರೊಟ್ಟಿ ತಿಂದ ನಾಯಿ. ಸುದ್ದಿ ಕೇಳಿ ನಮ್ಮಪ್ಪ ದಡ್ಡಿಯಿಂದ ಓಡಿಬಂದ: "ಸತ್ತೈತಿ ಅಂತ ಹೇಳಿಬಿಡ್ರಿ. ನಾ ಒಯ್ದ ಸಾಕತೇನಿ." ಕಣಗಲಾದಿಂದ ಬಂದಿದ್ದ ಲಗಮಪ್ಪನಿಗೆ ಆಗ ಹಠಾತ್ತನೆ ನ್ಯಾಯ ಹೊಳೆಯಿತು: "ಹುಡುಗಿ ಬಂದಾಳ, ನಾಯಿನೂ ಐತಿ. ಎರಡೂ ನಮ್ಮೂವು ಆದೂವಲ್ಲ. ಸಮುದ್ರ ದಾಟಿ ಕೇಳಾಕ ಯಾರ ಬರತಾರ?"

"ಯಾರೂ ಬರೂದಿಲ್ಲ," ಎಂದಳು ಸೀತವ್ವ. "ಅದಕ್ಕ ಕಳಸಬೇಕು. ಅಕೀನೂ ಕೇಳವರು ಯಾರೂ ಇಲ್ಲದಾಗ ಕಳಿಸ್ಯಾಳ. ಮತ್ತ ಲಗಮಪ್ಪ, ಹುಡುಗಿ ನಿಂದೇನು ಆಗಿಲ್ಲ. ಅಕಿ ಬಾಯಿ ಅಕಿಗೈತಿ, ಕೇಳು."

ರಾಮವ್ವ ಗೂಟಕ್ಕೆ ಹಾಕಿದ್ದ ಕೋಟನ್ನು ಝಾಡಿಸುತ್ತ, "ಭಾವಾರ, ಸೋಮವಾರದಿಂದ ನನ್ನ ಪಾಳಿ ಐತ್ರಿ" ಎಂದಳು.

ಮುಂಬೈಗೆ ಒಯ್ಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ನಾಯಿಯೂ ನೋಡಿತು. ರಜೆ ಕೇಳಲು ಹೋದಾಗ ಹಿರಿಯ ಕಾರಕೂನರು ಕಾರಣ ಕೇಳಿದರು. ನಾಯಿಯನ್ನು ಹಡಗು ಹತ್ತಿಸಬೇಕಾಗಿದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಏನೂ ಕೇಳದೆ ಸಹಿ ಮಾಡಿದರು.

ಗೋಕಾಕ್ ರೋಡ್ ಸ್ಟೇಷನ್ನಿಗೆ ದೊಡ್ಡವ್ವ ಮಗಳು ಇಬ್ಬರೂ ಬಂದಿದ್ದರು. ಗಾರ್ಡು ನಾಯಿಯನ್ನು ತನ್ನ ಡಬ್ಬಿಯಲ್ಲಿ ಹಾಕಬೇಕೆಂದ, ನಾನೂ ಅದರ ಪಕ್ಕದ ಡಬ್ಬಿಯಲ್ಲೇ ಕೂಡುತ್ತೇನೆ ಎಂದು ಗೋಗರೆದು ಜಾಗ ಮಾಡಿಕೊಂಡೆ. ಸೀತವ್ವ ಸರಳಿನ ಸಂದಿಯಲ್ಲಿ ಕೈಹಾಕಿ ರಸ್ಟ್ಯಾನ ಕಿವಿಯ ಹಿಂದೆ ಕೆರೆದಳು. ಅದು ಅವಳ ಬೆರಳು ನೆಕ್ಕಿತು, ಅವಳು ಕೈಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ತಿರುಗಿ ನನ್ನ ಕಿಡಕಿಗೆ ಬಂದು, ದನಿ ಏರಿಸಿ ಶುರು ಮಾಡಿದಳು.

"ಮಿರಜದಾಗ ಗಾಡಿ ನಿಂತಾಗ ಅದಕ್ಕ ನೀರ ಕುಡಿಸು. ಮುಂಬೈ ಬಂದರದಾಗ ಹಮಾಲರ ಮಾತ ಕೇಳಬ್ಯಾಡ, ಬಿಳಿ ಟೊಪಗಿಯವನನ್ನ ಕೇಳು. ಮೇಮಸಾಬ್ ಗೆಳತಿ ಆ ಬಾಯಿಗೆ ಹೇಳು, ನಾಯಿನ್ನ ಮಾರ್ಸೇಲ್ಸಿನ್ಯಾಗ ಕೆಳಗ ಇಳಿಸಬ್ಯಾಡ ಅಂತ. ಅಲ್ಲಿ ದಂಡಿ ಮ್ಯಾಲೆಲ್ಲ ಕುದರಿ ಗಾಡಿ, ತುಳದು ಬಿಡತಾವು."

"ಈಗ ಅಲ್ಲಿ ಕುದರಿ ಗಾಡಿ ಎಲ್ಲಿ ಅದಾವ, ದೊಡ್ಡವ್ವಾ?" ಎಂದಳು ರಾಮವ್ವ. "ಎಲ್ಲಾ ಮೋಟಾರ ಆಗ್ಯಾವು. ನೀ ಹೇಳಿದ್ದ ಆ ಮೀನ ಮಾರೂ ಓಣಿನೂ ಹಂಗಿಲ್ಲ ಈಗ."

ಇಷ್ಟು ದಿನದಲ್ಲಿ ವಿಲಾಯತಿಯ ವಿಷಯದಲ್ಲಿ ಸೀತವ್ವನ ಮಾತಿಗೆ ಎದುರು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಸೌಟು ಕೈಯಲ್ಲಿಲ್ಲದ್ದು ಒಳ್ಳೆಯದಾಯಿತು ಎಂದುಕೊಂಡೆ. ಆದರೆ ಅವಳು ನನ್ನನ್ನೂ ನನ್ನ ನಾಯಿಯನ್ನೂ ಮರೆತು, ಮಗಳ ಕಡೆ ಪೂರ್ತಿ ತಿರುಗಿದಳು.

"ಹೌದೇನ? ಮತ್ತೇನೈತಿ ಅಲ್ಲಿ ಈಗ?"

ರಾಮವ್ವ ಹೇಳತೊಡಗಿದಳು. ಕೈಯಿಂದ ಏನೋ ಎತ್ತರದ್ದನ್ನು ತೋರಿಸಿದಳು. ಸೀತವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಷ್ಟರಲ್ಲಿ ಗಾಡಿ ಬಿಟ್ಟಿತು. ಪಕ್ಕದ ಡಬ್ಬಿಯಲ್ಲಿ ರಸ್ಟ್ಯಾ ಊಳಿಡತೊಡಗಿತು, ನನಗೆ ಒಂದು ಮಾತೂ ಕೇಳಿಸಲಿಲ್ಲ.